ಹೆಬ್ಬೆಟ್ಟಿನ ಗ್ಯಾರಂಟಿ

ಆ ಬಲಗೈ ಹೆಬ್ಬೆರಳು ಮನೆಗೆಲಸ ಮಾಡುತ್ತಿರಲಿಲ್ಲ. ಈರುಳ್ಳಿ ಸುಲಿಯುತ್ತಿರಲಿಲ್ಲ, ನೀರಿನ ಬಕೆಟ್ಟು ಹಿಡಿಯುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕುವಾಗ ಉಳಿದ ನಾಲ್ಕು ಬೆರಳುಗಳು ಬೆವರು ಸುರಿಸಿ ಪರದಾಡುತ್ತಿದ್ದರೆ ಅದು ಪಕ್ಕಕ್ಕೆ ಸರಿದು, ಬದುವಿನ ಮೇಲೆ ಕೊಡೆ ಹಿಡಿದು ನಿಂತ ಧಣಿಯ ಹಾಗೆ ನೋಡುತ್ತಿತ್ತು. ಚಳಿಗಾಲಕ್ಕೆಂದು ಅದಕ್ಕೊಂದು ಉಣ್ಣೆಯ ಟೋಪಿಯೂ ಇತ್ತು. ಹೆಂಡತಿ ಹಳೆಯ ಕಾಲುಚೀಲದ ತುದಿ ಕತ್ತರಿಸಿ ಹೊಲಿದು ಕೊಟ್ಟದ್ದು. "ಮದುವೇಲಿ ನಂಗೆ ಗಂಡನ ಜೊತೆ ಸವತೀನೂ ಸಿಕ್ಕಿದ್ಲು," ಎಂದು ಅವಳು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. "ಇರೋದು ಎರಡೂವರೆ ಅಂಗುಲ. ನಖರಾ ಮಾತ್ರ ಆಳೆತ್ತರ."

ಆ ಬೆರಳಿಗೊಮ್ಮೆ ಉಗುರುಸುತ್ತು ಆದಾಗ ಏನೇನಾಯಿತೆಂದು ಆ ಬೀದಿಯಲ್ಲಿ ಇಂದಿಗೂ ಹೇಳುತ್ತಾರೆ. ಎರಡು ಟ್ರ್ಯಾಕ್ಟರು, ಒಂದು ಕಟಾವು ಯಂತ್ರ, ಕಲ್ಲುಕೋರೆಯ ಒಂದು ಅಗೆಯುವ ಯಂತ್ರ ಎಂಟು ದಿನ ಶೆಡ್ಡಿನ ಮುಂದೆ ಸಾಲಾಗಿ ನಿಂತು, ಬಸ್ಸುಗಳು ಬೇರೆ ದಾರಿ ಹಿಡಿದವು. ಕೋರೆಯ ಮಾಲೀಕ ದಿನಾ ಬೆಳಿಗ್ಗೆ ಬಂದು, ಅರಮನೆಯ ಬಾಗಿಲಲ್ಲಿ ಕಾಯುವ ಮಂತ್ರಿಯ ಹಾಗೆ ಕೈಕಟ್ಟಿ, "ಇವತ್ತು ಹೇಗಿದೆ?" ಎಂದು ಕೇಳಿ ಹೋಗುತ್ತಿದ್ದ. ಹೇಗಿದ್ದೀರಿ ಎಂದಲ್ಲ, ಹೇಗಿದೆ ಎಂದು. ಬೆರಳಿನ ಹಿಂದೆ ಒಬ್ಬ ಮನುಷ್ಯನೂ ಇದ್ದಾನೆಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ. ಒಂಬತ್ತನೆಯ ದಿನ ಬೆರಳಿನ ಪಟ್ಟಿ ಬಿಚ್ಚಿದಾಗ ಯಾರೋ ಚಪ್ಪಾಳೆ ತಟ್ಟಿದರಂತೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಎರಡು ಟ್ರ್ಯಾಕ್ಟರು ಏಳಾದವು, ಚಪ್ಪಾಳೆಗೆ ಶಿಳ್ಳೆಯೂ ಸೇರಿಕೊಂಡಿತು.

ಬೆರಳಿನ ಹಿಂದಿದ್ದ ಮನುಷ್ಯ ಗೇರ್ ಪಂಪು ರಿಪೇರಿ ಮಾಡುವ ಮೇಸ್ತ್ರಿ. ಗೇರ್ ಪಂಪು ನೋಡಲು ದೊಡ್ಡ ಸಂಗತಿಯೇನಲ್ಲ. ಎರಡು ಅಂಗೈ ಜೋಡಿಸಿದರೆ ಹಿಡಿಸುವಷ್ಟು ದಪ್ಪನೆಯ ಲೋಹದ ಪೆಟ್ಟಿಗೆ, ಅದರೊಳಗೆ ಒಂದನ್ನೊಂದು ಕಚ್ಚಿಕೊಂಡ ಎರಡು ಗೇರು. ಅವು ತಿರುಗಿದರೆ ಒಂದು ಕಡೆಯಿಂದ ಎಣ್ಣೆ ಎಳೆದು ಇನ್ನೊಂದು ಕಡೆಗೆ ದೂಡುತ್ತವೆ. ಹಾಗೆ ದೂಡಿದ ಎಣ್ಣೆಯ ಬಲದಿಂದಲೇ ಟ್ರ್ಯಾಕ್ಟರಿನ ನೇಗಿಲು ಮೇಲೇಳುವುದು, ಟಿಪ್ಪರಿನ ತೊಟ್ಟಿ ಬಗ್ಗುವುದು, ಹತ್ತು ಟನ್ನಿನ ಲೋಡರು ಡ್ರೈವರನ ಕಿರುಬೆರಳಿನ ಮಾತು ಕೇಳಿ ಎಡಕ್ಕೋ ಬಲಕ್ಕೋ ತಿರುಗುವುದು. ಪಂಪು ಸತ್ತರೆ ಯಂತ್ರ ಹೆಣ.

ಪಂಪು ಬದುಕಿದೆಯೋ ಸತ್ತಿದೆಯೋ ಎಂದು ಹೇಳುವುದು ಹೆಬ್ಬೆರಳಿನ ಕೆಲಸ. ಸವೆದದ್ದನ್ನು ಬದಲಿಸಿ ಮತ್ತೆ ಕಟ್ಟಿದ ಪಂಪನ್ನು ಮೇಸ್ತ್ರಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದ. ಒಳಕ್ಕೆ ನಾಲ್ಕು ಹನಿ ಎಣ್ಣೆ ಬಿಡುತ್ತಿದ್ದ. ಎಣ್ಣೆ ಎಳೆಯುವ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ, ಎಡಗೈಯಿಂದ ಶಾಫ್ಟು ತಿರುಗಿಸುತ್ತಿದ್ದ. ಸರಿಯಾದ ಪಂಪು ಒಳಗಿನಿಂದ ಬೆರಳನ್ನು ಹೀರುತ್ತದೆ, ಹಸುಗೂಸು ಚೀಪಿದ ಹಾಗೆ. ಆ ಹೀರುವಿಕೆಯಲ್ಲಿ ಕೂದಲೆಳೆಯಷ್ಟು ಕೊರತೆ ಇದ್ದರೂ ಅವನು ತಲೆ ಅಲ್ಲಾಡಿಸಿ ಎಂಟೂ ಬೋಲ್ಟು ಮತ್ತೆ ಬಿಚ್ಚುತ್ತಿದ್ದ. ಸರಿ ಇದೆಯೆಂದರೆ, ಅದೇ ಎಣ್ಣೆಗೈಯಲ್ಲಿ ಒಂದು ರಟ್ಟಿನ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿ, ತಂತಿಯಿಂದ ಪಂಪಿಗೆ ಕಟ್ಟುತ್ತಿದ್ದ. ಅದೇ ಗ್ಯಾರಂಟಿ. ಸಹಿ ಇಲ್ಲ, ತಾರೀಖು ಇಲ್ಲ, ಮಾತೂ ಇಲ್ಲ. ಚೀಟಿಯಿಲ್ಲದ ಪಂಪನ್ನು ಆ ಸುತ್ತಿನ ಯಾವ ಡ್ರೈವರೂ ತನ್ನ ಯಂತ್ರಕ್ಕೆ ಹತ್ತಿಸಗೊಡುತ್ತಿರಲಿಲ್ಲ. ತಾಂತ್ರಿಕ ಶಾಲೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದ ಏಕೈಕ ಮನುಷ್ಯನನ್ನು ಇಡೀ ಬೀದಿ ಬೆನ್ನಹಿಂದೆ 'ಹೆಬ್ಬೆಟ್ಟು' ಎಂದು ಕರೆಯುತ್ತಿತ್ತು. ಓದು ಬರಹ ಬಾರದವನೆಂಬ ಅರ್ಥದಲ್ಲಲ್ಲ, ಭಯಭಕ್ತಿಯಿಂದ.

ಶೆಡ್ಡು ಇದ್ದದ್ದು ಅವನ ಹೆಂಡತಿಯ ತಮ್ಮನ ಹೆಸರಲ್ಲಿ. ಈ ಭಾವಮೈದ ಕಾಲದ ಜೊತೆ ನಡೆಯುವವನು, ಸಾಧ್ಯವಾದರೆ ಎರಡು ಹೆಜ್ಜೆ ಮುಂದೆ. ಮೂರು ವರ್ಷದ ಹಿಂದೆ ಅವನೊಂದು ಟೆಸ್ಟ್ ಬೆಂಚು ತರಿಸಿದ್ದ. ಪಂಪನ್ನು ಅದಕ್ಕೆ ಬಿಗಿದು, ಎಣ್ಣೆ ಕಾಯಿಸಿ, ಮೋಟರಿನಿಂದ ತಿರುಗಿಸಿದರೆ ಎಷ್ಟು ಒತ್ತಡ, ಎಷ್ಟು ಹರಿವು ಎಂದು ಮುಳ್ಳುಗಳು ತೋರಿಸುತ್ತವೆ. ಕೊನೆಗೊಂದು ಕಾಗದವೂ ಹೊರಬರುತ್ತದೆ. ಗಿರಾಕಿಗಳು ಅದನ್ನು ಸುತ್ತಿ ನೋಡಿ, ಮೆಚ್ಚಿ, "ಅದೆಲ್ಲ ಇರ್ಲಿ, ಮೇಸ್ತ್ರಿ ಬೆರಳು ಇಡ್ಲಿ," ಎನ್ನುತ್ತಿದ್ದರು. ಕ್ರಮೇಣ ಬೆಂಚಿನ ಹಿಡಿಯ ಮೇಲೆ ಟವೆಲ್ಲುಗಳು ಒಣಗತೊಡಗಿದವು.

"ಭಾವ, ನಿಮ್ಮ ಬೆರಳು ಎಷ್ಟು ಒತ್ತಡ ಅಂತ ಹೇಳತ್ತಾ?" ಎಂದು ಭಾವಮೈದ ಕೆಣಕುತ್ತಿದ್ದ.

"ನಿನ್ನ ಬೆಂಚು ನಾಚ್ಕೊಳುತ್ತಾ?" ಎಂದು ಮೇಸ್ತ್ರಿ ತಿರುಗಿ ಕೇಳುತ್ತಿದ್ದ. "ತಪ್ಪು ಹೇಳಿದ ದಿನ ನಂಗೆ ನಾಚಿಕೆ ಆಗುತ್ತೆ. ಅದಕ್ಕೆ ಆಗಲ್ಲ. ಅಷ್ಟೇ ವ್ಯತ್ಯಾಸ."

ಇನ್ನೊಬ್ಬನನ್ನು ಪರಿಚಯಿಸದಿದ್ದರೆ ಕತೆ ಕುಂಟುತ್ತದೆ. ಮೇಸ್ತ್ರಿಯ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ಮರದ ಯಾರ್ಡಿನಲ್ಲಿ ಲೋಡರ್ ಡ್ರೈವರು. ಅವನಿಗೂ ಒಂದು ಅಡ್ಡಹೆಸರಿತ್ತು: 'ತೂಕಡಿಕೆ'. ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಮಾಡಿ ಕೊನೆಯ ಸ್ಟಾಪಿನಲ್ಲಿ ಇಳಿದವನು. ಕ್ಷೌರದ ಕುರ್ಚಿಯಲ್ಲಿ ಮಲಗಿ, ಎಚ್ಚರವಾದಾಗ ಮೀಸೆ ಕಳೆದುಕೊಂಡಿದ್ದವನು. ತನ್ನ ಮದುವೆಯ ಫೋಟೊದಲ್ಲಿ ಕಣ್ಣು ಮುಚ್ಚಿರುವವನು. ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ ಅವನ ತಲೆ ತಟ್ಟೆಗೆ ಎಷ್ಟು ಹತ್ತಿರ ಬಂತೆಂದು ಮಕ್ಕಳು ಗೇಣು ಹಾಕಿ ಅಳೆಯುತ್ತಿದ್ದರು.

"ಲೋಡರಲ್ಲೂ ಹೀಗೇನಾ?" ಎಂದು ಭಾವಮೈದ ಕೇಳಿದರೆ, ಷಡ್ಡಕ ಒಂದು ಕಣ್ಣು ತೆರೆದು, "ಅಲ್ಲಿ ಎಚ್ಚರ ಇರೋಕೇ ಇಲ್ಲಿ ನಿದ್ದೆ ಮಾಡೋದು. ಕೂಡಿಡ್ತಿದೀನಿ," ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಹತ್ತೊಂಬತ್ತು ವರ್ಷ ಲೋಡರು ಓಡಿಸಿ ಒಂದು ಕಂಬವನ್ನೂ ಅವನು ಸವರಿರಲಿಲ್ಲ. ಆದರೆ ಸವರದ ಕಂಬಗಳ ಬಗ್ಗೆ ಯಾರು ಕತೆ ಕಟ್ಟುತ್ತಾರೆ? ಮೀಸೆ ಹೋದದ್ದು ಎಲ್ಲರಿಗೂ ಗೊತ್ತಿತ್ತು.

ಹೀಗೆ ಒಂದೇ ಕುಟುಂಬದಲ್ಲಿ ಇಬ್ಬರು ದಂತಕತೆಗಳು ಒಟ್ಟಿಗೆ ಊಟ ಮಾಡುತ್ತಿದ್ದರು. ಒಬ್ಬನದು ನೆಗಾಡುವ ಕತೆ, ಇನ್ನೊಬ್ಬನದು ಕೈಮುಗಿಯುವ ಕತೆ. ಎರಡೂ ಸುಳ್ಳಾಗಿದ್ದವೆಂಬುದು ಆ ಹೊತ್ತಿಗೆ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಯಾಕೆಂದರೆ ಬೆರಳು ಸತ್ತು ಎರಡು ವರ್ಷವಾಗಿತ್ತು.

ಅದು ಒಂದೇ ದಿನದಲ್ಲಿ ಸಾಯಲಿಲ್ಲ. ಮೊದಲು ತುದಿಯಲ್ಲಿ ಇರುವೆ ಹರಿದ ಹಾಗಾಯಿತು. ಮೂವತ್ತು ವರ್ಷ ಡೀಸೆಲ್ಲಿನಲ್ಲಿ ತೊಳೆದ ಕೈ, ಹಾಗಾಗುವುದೇ ಎಂದುಕೊಂಡ. ಆಮೇಲೆ ಇರುವೆಗಳೂ ಬಿಟ್ಟು ಹೋದವು. ಒಂದು ದಿನ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು, ಹೆಂಡತಿಯ ಹೊಲಿಗೆಸೂಜಿಯಿಂದ ಚುಚ್ಚಿ ನೋಡಿದ. ರಕ್ತ ಬಂತು, ನೋವು ಬರಲಿಲ್ಲ. ಪಕ್ಕದ ಬೀದಿಯ ಡಾಕ್ಟರು, "ನರ ಹೋಗಿದೆ. ಈ ಕೆಲಸ ಬಿಟ್ರೆ ಬಂದರೂ ಬರಬಹುದು," ಎಂದರು. ಈ ಬೆರಳು ಬಿಟ್ಟರೆ ತನಗೆ ಬೇರೆ ಯಾವ ಕೆಲಸವಿದೆ ಎಂದು ಕೇಳಬೇಕೆನಿಸಿತು. ಎದ್ದು ಬಂದ.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ರಾಜ ಸತ್ತದ್ದನ್ನು ಮುಚ್ಚಿಟ್ಟು ಪಲ್ಲಕ್ಕಿಯಲ್ಲಿ ಕೂರಿಸಿ ಮೆರೆಸುವ ಮಂತ್ರಿಯ ಪಾಡು ಅವನದಾಯಿತು. ಉಣ್ಣೆಯ ಟೋಪಿಯನ್ನು ಮೊದಲಿಗಿಂತ ಹೆಚ್ಚು ಜೋಪಾನವಾಗಿ ತೊಡಿಸಿದ. ಮತ್ತು ಒಂದು ಉಪಾಯ ಹೂಡಿದ. ಪಂಪು ಹೀರಿದಾಗ ಬೆರಳ ತುದಿಯಲ್ಲಿ ದುಂಡನೆಯ ಬಿಳಿ ಉಂಗುರ ಮೂಡುತ್ತದೆ. ಚರ್ಮಕ್ಕೆ ತಿಳಿಯದಿದ್ದರೇನು, ಕಣ್ಣಿಗೆ ಕಾಣುತ್ತದಲ್ಲ! ಉಂಗುರ ಆಳವಾಗಿದ್ದರೆ ಪಂಪು ಗಟ್ಟಿ, ತೆಳುವಾಗಿದ್ದರೆ ಮತ್ತೆ ಬಿಚ್ಚು. ಹೀಗೆ ಎರಡು ವರ್ಷ ಅವನು ಕಣ್ಣಿನಿಂದ ಮುಟ್ಟಿದ. ಒಂದೂ ಪಂಪು ವಾಪಸು ಬರಲಿಲ್ಲ. ತನಗೇ ತಾನು ಭಲೇ ಎಂದುಕೊಂಡ. ಮನುಷ್ಯ ಹಾಳಾಗುವುದು ಇಂಥ ಭಲೇಗಳಿಂದಲೇ.

ಷಡ್ಡಕನ ಲೋಡರಿನ ಸ್ಟೀರಿಂಗ್ ಪಂಪು ಬಂದದ್ದು ಒಂದು ಬುಧವಾರ. ಅದರೊಳಗೆ ಗೇರುಗಳ ಪಕ್ಕಕ್ಕೆ ಒತ್ತಿ ಕೂರುವ ಒಂದು ಪ್ಲೇಟು, ಆ ಪ್ಲೇಟಿನ ಬೆನ್ನ ಮೇಲೆ ಕೊರೆದ ಸಣ್ಣ ತೋಡಿನಲ್ಲಿ ಬಾಗಿ ಕೂರುವ ಒಂದು ತೆಳ್ಳನೆಯ ರಬ್ಬರು. ಒತ್ತಡದ ಎಣ್ಣೆ ಹಿಂದಕ್ಕೆ ಸೋರದಂತೆ ತಡೆಯುವುದು ಅದೊಂದೇ. ರಬ್ಬರನ್ನು ತೋಡಿನಲ್ಲಿ ಕೂರಿಸಿ ಹೆಬ್ಬೆರಳಿನಿಂದ ಉದ್ದಕ್ಕೂ ಸವರಿ ನೋಡಬೇಕು. ಎಲ್ಲಾದರೂ ಉಬ್ಬಿದ್ದರೆ ಬೆರಳಿಗೆ ತಾಗುತ್ತದೆ. ಮೇಸ್ತ್ರಿ ಸವರಿದ. ತಾಗಲಿಲ್ಲ. ತಾಗುವ ಕಾಲ ಹೋಗಿತ್ತು. ಬೋಲ್ಟು ಬಿಗಿದಾಗ, ತೋಡಿನಿಂದ ಎದ್ದಿದ್ದ ರಬ್ಬರಿನ ಅಂಚು ಲೋಹದ ಮಧ್ಯೆ ಸಿಕ್ಕಿ ಕತ್ತರಿಸಿತು.

ತೂತಿನ ಮೇಲೆ ಬೆರಳಿಟ್ಟು ಶಾಫ್ಟು ತಿರುಗಿಸಿದ. ಯಾರ್ಡಿನ ಜೀಪು ಹೊರಗೆ ಹಾರ್ನು ಹೊಡೆಯುತ್ತಿತ್ತು. ಬೆರಳು ತೆಗೆದು ನೋಡಿದರೆ ಉಂಗುರ ಚೆನ್ನಾಗಿ ಮೂಡಿತ್ತು.

"ಭಾವ, ಸ್ಟೀರಿಂಗಿಂದು, ಒಂದ್ಸಲ ಬೆಂಚಿಗೆ ಹಾಕಿಬಿಡೋಣ," ಎಂದ ಭಾವಮೈದ. "ಎಣ್ಣೆ ಕಾಯೋಕೆ ಒಂದು ಗಂಟೆ, ಅಷ್ಟೇ."

"ಬೆರಳು ಹೇಳಿ ಆಯ್ತು. ಇನ್ನು ನಿನ್ನ ಬೆಂಚು ಏನು ಹೇಳ್ಬೇಕು?"

ಜಂಬದ ಮಾತಿನ ಹಾಗೆ ಕೇಳಿಸಿತು. ಜಂಬವಾಗಿರಲಿಲ್ಲ, ಹೆದರಿಕೆ. ಒಂದೇ ಒಂದು ಸಲ ಮುಳ್ಳು ಒಂದು ಹೇಳಿ ಬೆರಳು ಇನ್ನೊಂದು ಹೇಳಿದರೆ, ಪಲ್ಲಕ್ಕಿಯೊಳಗೆ ಹೆಣವಿರುವುದು ಎಲ್ಲರಿಗೂ ತಿಳಿದುಬಿಡುತ್ತದೆ. ಅವನು ರಟ್ಟಿನ ಮೇಲೆ ಹೆಬ್ಬೆಟ್ಟು ಒತ್ತಿ, ತಂತಿ ಕಟ್ಟಿ, ಪಂಪನ್ನು ಜೀಪಿಗೆ ಕೊಟ್ಟ. ಆ ಉಂಗುರ ಮೂಡಿದ್ದು ಪಂಪು ಹೀರಿದ್ದರಿಂದಲ್ಲ, ಹಾರ್ನಿನ ಅವಸರಕ್ಕೆ ತಾನೇ ಬೆರಳನ್ನು ಜೋರಾಗಿ ಅಂಚಿಗೆ ಒತ್ತಿದ್ದರಿಂದ ಎಂಬುದು ಅವನಿಗೆ ಹೊಳೆದದ್ದು ಮೂರು ದಿನದ ನಂತರ, ಎಲ್ಲ ಮುಗಿದ ಮೇಲೆ.

ತಣ್ಣಗಿದ್ದಾಗ ಹೈಡ್ರಾಲಿಕ್ ಎಣ್ಣೆ ಮಂದ, ಸಣ್ಣ ಸಂದಿಯಲ್ಲಿ ನುಸುಳುವುದಿಲ್ಲ. ಗುರುವಾರ, ಶುಕ್ರವಾರ ಮೋಡ ಕವಿದಿತ್ತು, ಕೆಲಸವೂ ಕಡಿಮೆ. ಲೋಡರು ಸಾಧುವಾಗಿ ಓಡಾಡಿತು. ಶನಿವಾರ ಬಿಸಿಲು. ಬೆಳಗಿನಿಂದ ದಿಮ್ಮಿ ಎತ್ತಿ ಎತ್ತಿ ಎಣ್ಣೆ ಕಾದು ನೀರಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಷಡ್ಡಕ ಮೂರು ದಿಮ್ಮಿ ಹೊತ್ತು ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಯುತ್ತಿದ್ದ. ತಿರುವಿನಲ್ಲಿ ಸ್ಟೀರಿಂಗು ಕಲ್ಲಾಯಿತು. ಕಾದ ಎಣ್ಣೆಯೆಲ್ಲ ಕತ್ತರಿಸಿದ ರಬ್ಬರಿನ ಸಂದಿಯಲ್ಲಿ ಹಿಂದಕ್ಕೆ ಸೋರುತ್ತಿತ್ತು. ಅವನು ಎದ್ದು ನಿಂತು ಎರಡೂ ಕೈಯಿಂದ ಚಕ್ರಕ್ಕೆ ಜೋತುಬಿದ್ದ, ಬ್ರೇಕು ಒತ್ತಿದ, ದಿಮ್ಮಿಗಳ ಭಾರಕ್ಕೆ ಲೋಡರು ಜಾರುತ್ತ ನೇರಕ್ಕೆ ಹೋಗಿ ತೂಕದ ಮನೆಯ ಗೋಡೆಗೆ ನುಗ್ಗಿತು. ಒಳಗೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ತೂಕದ ಗುಮಾಸ್ತನ ಎರಡೂ ಕಾಲು ಗೋಡೆಯ ಕೆಳಗೆ ಸಿಕ್ಕವು. ಒಂದನ್ನು ಆಸ್ಪತ್ರೆಯವರು ಉಳಿಸಿದರು.

ತನಿಖೆ ಐದು ನಿಮಿಷದಲ್ಲಿ ಮುಗಿಯಿತು.

"ಯಾರು ಓಡಿಸ್ತಿದ್ದದ್ದು?"

"ತೂಕಡಿಕೆ."

"ಓಹೋ."

ಆ 'ಓಹೋ'ದಲ್ಲಿ ಕೆಲಸ ಹೋಯಿತು, ಲೈಸೆನ್ಸು ಹೋಯಿತು, ಕೇಸು ಬಿತ್ತು. "ಸ್ಟೀರಿಂಗು ಕಲ್ಲಾಯ್ತು ಸಾರ್," ಎಂದು ಅವನು ಹೇಳಿದ್ದು ನಿಜ. ಪಂಪಿಗೆ ಮೂರು ದಿನದ ಹಿಂದೆಯಷ್ಟೇ ಹೆಬ್ಬೆಟ್ಟು ಬಿದ್ದಿದೆಯಲ್ಲ, ಕಲ್ಲಾಗುವುದು ಹೇಗೆ ಎಂದು ಅವರು ಕೇಳಿದ್ದೂ ನಿಜ. ಹೆಬ್ಬೆಟ್ಟನ್ನು ಅವನೂ ನಂಬಿದ್ದ.

ಸೋಮವಾರ ಯಾರ್ಡಿನಿಂದ ಪಂಪು ಶೆಡ್ಡಿಗೆ ವಾಪಸು ಬಂತು, ಪರೀಕ್ಷೆ ಮಾಡಿ ಕಾಗದ ಕೊಡಿ ಎಂದು. ಮೇಸ್ತ್ರಿ ಆ ಹೊತ್ತಿಗೆ ಆಸ್ಪತ್ರೆಯಲ್ಲಿದ್ದ, ಗುಮಾಸ್ತನ ಹೆಂಡತಿಯ ಎದುರು ಕಂಬಕ್ಕೊರಗಿ ನಿಂತಿದ್ದ. ಹಿಂದಿರುಗಿ ಬಂದಾಗ ಪಂಪು ಬೆಂಚಿನ ಮೇಲೆ ಗುನುಗುಡುತ್ತಿತ್ತು. ಮುಳ್ಳುಗಳೆಲ್ಲ ಸರಿಯಾದ ಜಾಗದಲ್ಲಿ ನಿಂತಿದ್ದವು. ಭಾವಮೈದ ಅಂಗೈ ಬಿಚ್ಚಿ ತೋರಿಸಿದ: ಅಂಚು ಕತ್ತರಿಸಿ ಹೋಗಿದ್ದ ರಬ್ಬರಿನ ತುಂಡು.

"ಹೊಸದು ಹಾಕಿದೀನಿ. ಈಗ ಸರಿ ಇದೆ."

"ಯಾಕೆ ಹಾಕ್ದೆ? ಅದನ್ನೇ ಅವ್ರಿಗೆ ತೋರಿಸ್ಬೇಕಿತ್ತು! ತಪ್ಪು ನಂದು. ಈ ಬೆರಳಿಗೆ ಏನೂ ಗೊತ್ತಾಗಲ್ಲ ಕಣೋ, ಎರಡು ವರ್ಷ ಆಯ್ತು."

ಭಾವಮೈದ ಬೆಂಚಿನ ಮೋಟರು ನಿಲ್ಲಿಸಿದ. ಅವನು ಕೆಟ್ಟವನಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ಭಾವ, ಈ ಶೆಡ್ಡಿಂದ ಆರು ಮನೆ ಒಲೆ ಉರಿಯುತ್ತೆ. ಹೆಬ್ಬೆಟ್ಟು ಸುಳ್ಳು ಅಂದ್ರೆ ನಾಳೆಯಿಂದ ಈ ಬಾಗಿಲಿಗೆ ನಾಯೀನೂ ಬರಲ್ಲ. ಅವನು ನನ್ನ ತಂಗಿ ಗಂಡ, ನಂಗೆ ಸಂಕಟ ಆಗಲ್ವಾ? ಅವನಿಗೆ ಇಲ್ಲೇ ಏನಾದ್ರೂ ಕೆಲಸ ಕೊಡೋಣ. ಹೇಗಿದ್ರೂ ಎಲ್ರೂ ಅವನು ನಿದ್ದೆ ಮಾಡಿದ ಅಂತ್ಲೇ ಅಂದ್ಕೊಂಡಿದಾರೆ. ಒಂದು ಹೊಸ ಕೆಟ್ಟ ಹೆಸರು ಹುಟ್ಟಿಸೋ ಬದಲು ಹಳೇದ್ರಲ್ಲೇ ಮುಗಿಸಿಬಿಡೋಣ."

ಹೀಗೆಂದು ಕೈಯನ್ನು ಸುಟ್ಟೆಣ್ಣೆಯ ಡ್ರಮ್ಮಿನ ಮೇಲೆ ಹಿಡಿದು ಬೆರಳು ಸಡಿಲಿಸಿದ. ಆ ಡ್ರಮ್ಮಿನಲ್ಲಿ ಎಷ್ಟೋ ವರ್ಷಗಳ ಸತ್ತ ರಬ್ಬರುಗಳೆಲ್ಲ ಇದ್ದವು. ಮೇಸ್ತ್ರಿ ಮೊಣಕೈವರೆಗೆ ಕೈಯಿಳಿಸಿ ತಡಕಾಡಿದ. ಸಿಕ್ಕಿದ್ದೆಲ್ಲ ಮೇಲೆತ್ತಿದ. ನೂರು ರಬ್ಬರು, ನೂರೂ ಕತ್ತರಿಸಿದ್ದವೇ. ಯಾವುದು ಅದು ಎಂದು ಕಣ್ಣಿಗೂ ತಿಳಿಯಲಿಲ್ಲ, ಬೆರಳಿಗಂತೂ ಕೇಳುವುದೇ ಬೇಡ.

ಹೆಂಡತಿಗೆ ಮರುದಿನ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ. ಅವಳು ಅವನ ಬಲಗೈ ಎಳೆದುಕೊಂಡು ಹೆಬ್ಬೆರಳನ್ನು ಚಿವುಟಿದಳು. ಇನ್ನೂ ಜೋರಾಗಿ ಚಿವುಟಿದಳು. ಅವನು ಕೈ ಎಳೆದುಕೊಳ್ಳಲಿಲ್ಲ.

"ಎರಡು ವರ್ಷ," ಎಂದಳು. "ನನ್ನ ಸವತಿ ಸತ್ತು ಎರಡು ವರ್ಷ. ನಂಗೊಂದು ಮಾತು ಹೇಳ್ಲಿಲ್ಲ ನೀವು." ನಗಬೇಕೆಂದು ಆಡಿದ ಮಾತು ಅರ್ಧದಲ್ಲೇ ಅಳುವಾಯಿತು. ಮೂಗು ಒರೆಸಿಕೊಂಡು, "ಹೋಗಿ. ಹೋಗಿ ಹೇಳಿ ಬನ್ನಿ. ನನ್ನ ತಂಗಿ ಮೂರು ದಿನದಿಂದ ಒಲೆ ಹಚ್ಚಿಲ್ಲ," ಎಂದಳು.

ಯಾರ್ಡಿನ ಮ್ಯಾನೇಜರು ಭಾವುಕ ಮನುಷ್ಯ. ಗಾಜು ಹಾಕಿದ ಮೇಜು, ಮೇಲೆ ಗಿರಗಿರನೆ ತಿರುಗುವ ಫ್ಯಾನು, ಹಾರದಂತೆ ಕಾಗದದ ಮೇಲೆ ಇಟ್ಟಿದ್ದ ಒಂದು ಹಳೆಯ ಬೇರಿಂಗು. ಮೇಸ್ತ್ರಿಯನ್ನು ನೋಡಿದೊಡನೆ ಎದ್ದು ನಿಂತರು.

"ಬನ್ನಿ ಮೇಸ್ತ್ರಿ, ಕೂತ್ಕೊಳ್ಳಿ. ಟೀ?"

"ಬೇಡ ಸಾರ್. ಅವನು ನಿದ್ದೆ ಮಾಡ್ಲಿಲ್ಲ. ತಪ್ಪು ನಂದು, ಪಂಪು ಸರಿ ಇರ್ಲಿಲ್ಲ. ನನ್ನ ಬೆರಳು ಜೋಮು ಹಿಡಿದು ಎರಡು ವರ್ಷ ಆಯ್ತು."

ಮ್ಯಾನೇಜರು ಮುಗುಳ್ನಕ್ಕರು. "ಹೋದ ತಿಂಗಳು ನಮ್ಮ ಕ್ರೇನಿನ ಪಂಪು ಮಾಡಿದ್ದು ಯಾರು?"

"ನಾನೇ ಸಾರ್."

"ಇದೇ ಬೆರಳಾ?"

"ಇದೇ."

"ಗಡಿಯಾರದ ಹಾಗೆ ಓಡ್ತಿದೆ. ಇದು ಜೋಮಾದ್ರೆ, ಮೇಸ್ತ್ರಿ, ನಮಗೆಲ್ಲ ಒಂದೊಂದು ಜೋಮು ಹಿಡೀಲಿ!"

ಮಾತಿನಿಂದ ಆಗುವುದಿಲ್ಲವೆಂದು ತಿಳಿದೇ ಅವನು ಸಿದ್ಧನಾಗಿ ಬಂದಿದ್ದ. ಅಂಗಿಯ ಕಾಲರಿನಿಂದ ಸೂಜಿ ತೆಗೆದು, ಮ್ಯಾನೇಜರ ಕಣ್ಣೆದುರೇ ಹೆಬ್ಬೆರಳ ತುದಿಗೆ ಚುಚ್ಚಿದ. ಅರ್ಧ ಸೂಜಿ ಒಳಹೋಯಿತು. ಗಾಜಿನ ಮೇಲೆ ಒಂದು ಹನಿ, ಎರಡು ಹನಿ ರಕ್ತ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನೋಡಿ ಸಾರ್. ನೋವೇ ಇಲ್ಲ."

ಮ್ಯಾನೇಜರ ಕಣ್ಣಲ್ಲಿ ನೀರು ತುಂಬಿತು. ಬಾಗಿಲಿಗೆ ಹೋಗಿ, "ಬನ್ರಪ್ಪಾ ಎಲ್ರೂ, ಬನ್ನಿ ಇಲ್ಲಿ! ನೋಡಿ ಈ ಮನುಷ್ಯನ್ನ. ಷಡ್ಡಕನ್ನ ಉಳಿಸೋಕೆ ಸೂಜಿ ಚುಚ್ಕೊಂಡು, ನೋವಿಲ್ಲ ಅಂತಿದಾರೆ. ಹಲ್ಲು ಕಚ್ಚಿ ಹೇಗೆ ತಡ್ಕೊಂಡಿದಾರೆ ನೋಡಿ!" ಎಂದು ಕೂಗಿದರು. ನಾಲ್ವರು ಗುಮಾಸ್ತರು ಬಂದು ಸುತ್ತ ನಿಂತರು. ಒಬ್ಬ ಕರವಸ್ತ್ರ ತಂದು ಬೆರಳಿಗೆ ಸುತ್ತಿದ, ಗಾಯಗೊಂಡ ಸೇನಾಪತಿಗೆ ಸುತ್ತುವಷ್ಟು ಗೌರವದಿಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಎಲ್ಲರೂ ಕಂಡಿದ್ದಾರೆ. ಕುಂಬಳಕಾಯಿಯನ್ನೇ ಹೊತ್ತು ತಂದು ಎದುರಿಗಿಟ್ಟು, ಕದ್ದವನು ನಾನೇ ಎಂದು ಅಂಗಲಾಚಿದವನಿಗೆ, ಎಂಥ ದೊಡ್ಡ ಮನಸ್ಸು ನಿಮ್ಮದು ಎಂದು ಕೈಮುಗಿದವರನ್ನು ಕಂಡದ್ದು ಮೇಸ್ತ್ರಿಯೊಬ್ಬನೇ ಇರಬೇಕು.

"ಪಂಪು ಬಿಚ್ಚಿಸಿ ಸಾರ್," ಎಂದ. "ಹೊಸ ರಬ್ಬರು ಕಾಣುತ್ತೆ. ನನ್ನ ಭಾವಮೈದ ಹಳೇದು ತೆಗೆದು ಹೊಸದು ಹಾಕಿದಾನೆ."

"ಹೊಸದು ಇರ್ಲೇಬೇಕಲ್ಲ. ಬುಧವಾರ ನೀವೇ ಹೊಸದು ಹಾಕಿದ್ರಿ." ಮ್ಯಾನೇಜರು ಬೇರಿಂಗಿನ ಕೆಳಗಿಂದ ಬೆಂಚಿನ ಕಾಗದ ಎಳೆದು ತೋರಿಸಿದರು. ಬಿಸಿ ಎಣ್ಣೆಯಲ್ಲೂ ಒತ್ತಡ ಪೂರ್ತಿ, ಹರಿವು ಪೂರ್ತಿ. "ಸಾಕು ಮೇಸ್ತ್ರಿ. ಷಡ್ಡಕನ್ನ ಉಳಿಸೋಕೆ ಭಾವಮೈದನ್ನ ಕಳ್ಳ ಮಾಡ್ಬೇಡಿ. ತ್ಯಾಗಕ್ಕೂ ಒಂದು ಮಿತಿ ಇರ್ಲಿ."

ಅಲ್ಲಿಂದ ಅವನು ನೇರವಾಗಿ ಷಡ್ಡಕನ ಮನೆಗೆ ನಡೆದ. ಒಂದೇ ಕೋಣೆ, ಅದರ ಮೂಲೆಯಲ್ಲಿ ಅಡುಗೆ. ನಾದಿನಿ ಬಾಗಿಲು ತೆರೆದು, ಒಲೆಯ ಮೂಲೆಗೆ ಹೋದಳು. ಷಡ್ಡಕ ಪ್ಲಾಸ್ಟಿಕ್ಕು ಕುರ್ಚಿಯ ತುದಿಯಲ್ಲಿ, ಬಸ್ಸು ತಪ್ಪಿಹೋದೀತೆಂದು ಕೂತವನ ಹಾಗೆ ನೆಟ್ಟಗೆ ಕೂತಿದ್ದ. ಮಧ್ಯಾಹ್ನ ಮೂರು ಗಂಟೆ, ಸೆಕೆ, ಊಟ ಮುಗಿದ ಹೊತ್ತು. ಕಲ್ಲನ್ನೂ ಮಲಗಿಸುವ ಹೊತ್ತು. ಅವನ ಕಣ್ಣು ಮಾತ್ರ ರೆಪ್ಪೆ ಬಡಿಯುತ್ತಿರಲಿಲ್ಲ.

"ಶನಿವಾರದಿಂದ ಹೀಗೇ," ಎಂದಳು ನಾದಿನಿ ಮೂಲೆಯಿಂದ. "ಕಣ್ಣು ಮುಚ್ಚಿದ್ರೆ ಯಾರಿಗೋ ಏನೋ ಆಗುತ್ತಂತೆ."

ಮೇಸ್ತ್ರಿ ಎಲ್ಲ ಹೇಳಿದ. ಸೂಜಿ, ಉಂಗುರ, ರಬ್ಬರು, ಡ್ರಮ್ಮು. ಒಂದನ್ನೂ ಬಿಡಲಿಲ್ಲ. ಹೊಡೆಯುತ್ತಾನೆಂದು ಕಾದ. ಹೊಡೆದರೆ ಒಳ್ಳೆಯದಿತ್ತು.

"ಅಣ್ಣ, ನಿಂಗ್ಯಾಕೆ ಈ ಉಸಾಬರಿ?" ಎಂದ ಷಡ್ಡಕ. "ನಾನೇ ತೂಕಡಿಸಿರ್ಬೇಕು."

"ಸ್ಟೀರಿಂಗು ಕಲ್ಲಾಯ್ತು ಅಂದ್ಯಲ್ಲೋ! ಎದ್ದು ನಿಂತು ತಿರುಗಿಸ್ದೆ ಅಂದ್ಯಲ್ಲ!"

"ಅಂದೆ. ಆದ್ರೆ ಕನಸಲ್ಲೂ ಹಾಗೇ ಆಗುತ್ತಲ್ಲಣ್ಣ. ಓಡ್ಬೇಕು ಅಂತೀವಿ, ಕಾಲು ಬರಲ್ಲ. ತಿರುಗಿಸ್ಬೇಕು ಅಂತೀವಿ, ಕೈ ಬರಲ್ಲ. ಎಲ್ರೂ ಹೇಳ್ತಿದಾರೆ ಅಂದ್ಮೇಲೆ... ಅಷ್ಟು ಜನ ಸುಳ್ಳು ಹೇಳ್ತಾರಾ? ನಿನ್ನ ಬೆರಳು ತಪ್ಪಾಗೋದುಂಟಾ?"

"ತಪ್ಪಾಗಿದೆ ಕಣೋ!"

"ನಂಗೋಸ್ಕರ ಹೇಳ್ತಿದೀಯ. ನಂಗೊತ್ತು." ಅವನು ಮೇಸ್ತ್ರಿಯ ಕೈಮೇಲಿನ ಕರವಸ್ತ್ರವನ್ನು ನೋಡಿ, ಅದು ಸಡಿಲವಾಗಿದ್ದುದನ್ನು ಬಿಗಿಯಾಗಿ ಕಟ್ಟಿಕೊಟ್ಟ. "ಜೋಪಾನ ಅಣ್ಣ. ನಂಜಾದೀತು."

ಅಲ್ಲಿಗೆ ಮೇಸ್ತ್ರಿಯ ಸತ್ಯ ಸಂಪೂರ್ಣವಾಗಿ ಸೋತಿತು. ನಂಬಬೇಕಾದ ಕೊನೆಯ ಮನುಷ್ಯನೂ ನಂಬಲಿಲ್ಲ. ಕೇಸಿನಲ್ಲಿ ಬೆಂಚಿನ ಕಾಗದವೇ ಸಾಕ್ಷಿಯಾಯಿತು. ಷಡ್ಡಕ ಕಟಕಟೆಯಲ್ಲಿ ನಿಂತು, ಹೌದು ಸ್ವಾಮಿ, ಕಣ್ಣು ಹತ್ತಿರಬೇಕು ಎಂದು ಒಪ್ಪಿಕೊಂಡ. ಆರು ತಿಂಗಳು ಒಳಗಿದ್ದು ಬಂದ. ಭಾವಮೈದ ಹೇಳಿದಂತೆ ಶೆಡ್ಡಿನಲ್ಲಿ ಕೆಲಸ ಕೊಟ್ಟ. ಈಗ ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೋಲ್ಟುಗಳನ್ನು ಅಳತೆಪ್ರಕಾರ ಬೇರೆ ಬೇರೆ ಡಬ್ಬಿಗೆ ಹಾಕುತ್ತಾನೆ. ಒಮ್ಮೆಯೂ ತೂಕಡಿಸಿದ್ದನ್ನು ಯಾರೂ ಕಂಡಿಲ್ಲ. ಒಂಟಿ ಕಾಲಿನ ಗುಮಾಸ್ತ ಬೀದಿಯಲ್ಲಿ ಹಾದುಹೋದಾಗ ಮಾತ್ರ ಡಬ್ಬಿಗಳು ಅದಲುಬದಲಾಗುತ್ತವೆ.

ಇತ್ತ ಹೆಬ್ಬೆಟ್ಟಿನ ಕೀರ್ತಿ ನೆರೆ ಬಂದ ಹೊಳೆಯ ಹಾಗೆ ಉಕ್ಕಿತು. ಸೂಜಿಯ ಕತೆ ಊರೂರು ತಿರುಗಿತು. ತಿರುಗುತ್ತ ತಿರುಗುತ್ತ ಸೂಜಿ ದಬ್ಬಣವಾಗಿ, ದಬ್ಬಣ ಮೊಳೆಯಾಯಿತು. ಹಿಂದೆಂದೂ ಬಾರದವರು ದೂರದಿಂದ ಪಂಪು ಹೊತ್ತು ಬಂದರು. ಮೇಸ್ತ್ರಿ ಮಾತ್ರ ಅಂದಿನಿಂದ ಯಾವ ಪಂಪಿಗೂ ಬೆರಳು ಇಡಲಿಲ್ಲ, ಯಾವ ಚೀಟಿಗೂ ಹೆಬ್ಬೆಟ್ಟು ಒತ್ತಲಿಲ್ಲ. ಹಿಂಬದಿಯ ತೊಟ್ಟಿಯ ಬಳಿ ಕೂತು ಬಿಚ್ಚಿದ ಭಾಗಗಳನ್ನು ಡೀಸೆಲ್ಲಿನಲ್ಲಿ ತೊಳೆಯುವುದು, ಅಷ್ಟೇ. ಉಣ್ಣೆಯ ಟೋಪಿ ಎಲ್ಲಿ ಹೋಯಿತೋ. ಭಾವಮೈದ ಹದಿನೈದು ದಿನ ಗೋಗರೆದ. ಆಮೇಲೆ ಹಳೆಯ ಚೀಟಿಯೊಂದನ್ನು ಹಿಡಿದುಕೊಂಡು ಪೇಟೆಗೆ ಹೋಗಿ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಂಡು ಬಂದ. ಅಚ್ಚುಕಟ್ಟಾದ ಹೆಬ್ಬೆಟ್ಟು, ಒಂದೊಂದು ಗೆರೆಯೂ ಸ್ಪಷ್ಟ. ಪಂಪುಗಳೆಲ್ಲ ಈಗ ಗುಟ್ಟಾಗಿ ಬೆಂಚಿನ ಮೇಲೆ ಪರೀಕ್ಷೆಯಾಗುತ್ತವೆ, ಬಹಿರಂಗವಾಗಿ ಸ್ಟಾಂಪು ಬೀಳುತ್ತದೆ. ಬೆರಳಿನ ಹಿಂದೆ ಮನುಷ್ಯ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ಈಗ ಬೆರಳೂ ಬೇಡವಾಯಿತು.

ಹೋದ ವಾರ ಮರದ ಯಾರ್ಡಿನ ಹೊಸ ಡ್ರೈವರು ಬಂದಿದ್ದ. ಅದೇ ಲೋಡರು, ಅದೇ ಸ್ಟೀರಿಂಗ್ ಪಂಪು, ಒಳಗಿನ ರಬ್ಬರು ಬದಲಿಸುವ ಕೆಲಸ. ಭಾವಮೈದ ಊಟಕ್ಕೆ ಹೋಗಿದ್ದ. ಕಟ್ಟಿ ಸಿದ್ಧವಾದ ಪಂಪು ಮೇಜಿನ ಮೇಲಿತ್ತು, ಸ್ಟಾಂಪು ಬಿದ್ದ ಚೀಟಿ ಆಗಲೇ ತಂತಿಯಲ್ಲಿ ತೂಗುತ್ತಿತ್ತು. ಬೆಂಚಿನ ಪರೀಕ್ಷೆ ಮಾತ್ರ ಬಾಕಿ. ಡ್ರೈವರನಿಗೆ ಚೀಟಿ ಸಾಲಲಿಲ್ಲ. ಪಂಪನ್ನು ಮಗುವಿನ ಹಾಗೆ ಎತ್ತಿಕೊಂಡು ಹಿಂಬದಿಗೆ ನಡೆದು, ತೊಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತ. ಬಾಗಿಲ ಬಳಿ ಬೋಲ್ಟು ಆರಿಸುತ್ತಿದ್ದ ಷಡ್ಡಕನ ಕೈ ನಿಂತಿತು.

"ಮೇಸ್ತ್ರಿ, ನಿಮ್ಮ ಬಗ್ಗೆ ಎಲ್ಲ ಕೇಳಿದೀನಿ," ಎಂದ ಡ್ರೈವರು. "ತಪ್ಪು ಮಾಡಿದವನಿಗೋಸ್ಕರ ರಕ್ತ ಸುರಿಸಿದ ಬೆರಳಂತೆ ಇದು. ನಂಗೆ ಎರಡು ಪುಟ್ಟ ಮಕ್ಕಳು. ಆ ಇಳಿಜಾರಲ್ಲಿ ದಿನಾ ಇಪ್ಪತ್ತು ಸಲ ಇಳೀಬೇಕು. ಒಂದೇ ಒಂದ್ಸಲ, ನೀವೇ ಕೈಯಾರೆ ಇದ್ರ ಮೇಲೆ ಹೆಬ್ಬೆರಳು ಇಟ್ಟು ಸರಿ ಇದೆ ಅಂದ್ಬಿಡಿ. ಆಮೇಲೆ ನಾನು ಕಣ್ಣು ಮುಚ್ಕೊಂಡು ಓಡಿಸ್ತೀನಿ."

ಮೇಸ್ತ್ರಿ ಡೀಸೆಲ್ಲಿನಿಂದ ಕೈ ತೆಗೆದು, ಅಂಗಿಗೆ ಒರೆಸಿಕೊಂಡು, ಪಂಪನ್ನು ಅವನ ಮಡಿಲಿಗೇ ವಾಪಸು ತಳ್ಳಿದ.

"ಬೆಂಚಿಗೆ ಹಾಕಿಸಪ್ಪಾ. ನಂಗೇನೂ ಗೊತ್ತಾಗಲ್ಲ."